ಯಾರ ಜಾಗದಲ್ಲೂ ಕೂರದ ಸ್ವರ

ಸಿಂಥಸೈಜರ್ ಎಂಬ ವಾದ್ಯದ ಮೇಲೆ ನಮ್ಮ ಜನರಿಗೆ ಅಂಥ ಗೌರವವೇನೂ ಇಲ್ಲ. ವೀಣೆ, ಕೊಳಲು, ಸಾರಂಗಿ ಅಂದರೆ ಕೈ ಮುಗಿಯುವವರು ಇದರ ಹೆಸರೆತ್ತಿದರೆ 'ಓ, ಕೀಬೋರ್ಡಾ?' ಅಂದು ಮಾತು ಮುಗಿಸುತ್ತಾರೆ. ಮದುವೆ ಹಾಲ್‌ನ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಮಲಗಿಸಿದ ಪ್ಲಾಸ್ಟಿಕ್ ಹಲಗೆ, ಅಷ್ಟೇ. ಇದು ನಾಲ್ಕಾರು ವಾದ್ಯದವರ ಹೊಟ್ಟೆಯ ಮೇಲೆ ಹೊಡೆಯಿತು ಎಂಬ ದೂರು ಬೇರೆ. ದೂರಿನಲ್ಲಿ ಸುಳ್ಳಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೂ ನನಗೆ ಈ ವಾದ್ಯ ಇಷ್ಟ. ಆ ಇಷ್ಟ ಹುಟ್ಟಿದ್ದು ನಾಲ್ಕೈದು ಹಾಡುಗಳಿಂದ. ಹೆಚ್ಚಿನವು ಮುಂಬಯಿಗೆ ಸಂಬಂಧಪಟ್ಟವು.

ನಿವೃತ್ತಿಯ ಬಿಡುವಿನಲ್ಲಿ ಅವನ್ನು ಮತ್ತೆ ಕೇಳಿ ತೂಗಿ ನೋಡಿದೆ. ತೂಗುವುದಕ್ಕೆ ನಾನಿಟ್ಟುಕೊಂಡ ಕಲ್ಲು ಒಂದೇ: ಈ ಸ್ವರ ಇನ್ನೊಬ್ಬರ ಜಾಗದಲ್ಲಿ ಕೂತಿದೆಯೋ, ತನ್ನದೇ ಜಾಗ ಮಾಡಿಕೊಂಡು ಕೂತಿದೆಯೋ? ಸಂಗೀತ ಶಾಸ್ತ್ರದಲ್ಲಿ ಇಂಥ ಪ್ರಶ್ನೆ ಇಲ್ಲ, ಗೊತ್ತು. ಆದರೆ ಡೊಂಬಿವಲಿಯಿಂದ ವಿ.ಟಿ.ಗೆ ಮೂವತ್ತು ವರ್ಷ ಲೋಕಲ್‌ನಲ್ಲಿ ಓಡಾಡಿದವನಿಗೆ, ಮೂರು ಜನರ ಬೆಂಚಿನ ತುದಿಯಲ್ಲಿ 'ಥೋಡಾ ಸರಕ್ನಾ' ಅಂದು ನಾಲ್ಕನೆಯವನಾಗಿ ಅರ್ಧ ಕುಂಡೆ ಊರಿದವನಿಗೆ, ಜಾಗದ ಪ್ರಶ್ನೆಯೇ ಮೊದಲು ಹೊಳೆಯುತ್ತದೆ.

ಮೊದಲನೆಯದು ನಾನು ಹುಟ್ಟುವ ಮೊದಲೇ ಬಂದದ್ದು. 1954ರ ಹಿಂದಿ ಚಿತ್ರ 'ನಾಗಿನ್', ಸಂಗೀತ ಹೇಮಂತ ಕುಮಾರ್. ಅದರ ಪುಂಗಿಯ ನಾದ ಕೇಳದವರು ಈ ದೇಶದಲ್ಲಿ ಯಾರೂ ಇರಲಾರರು. ಇವತ್ತಿಗೂ ದಿಬ್ಬಣದಲ್ಲಿ ಬ್ಯಾಂಡಿನವರು ಅದನ್ನು ಎತ್ತಿಕೊಂಡರೆ ಸಾಕು, ಯಾರೋ ಒಬ್ಬ ಕರವಸ್ತ್ರದ ತುದಿ ಹಲ್ಲಲ್ಲಿ ಕಚ್ಚಿಕೊಂಡು ರಸ್ತೆಯ ಮೇಲೆ ಹೊರಳಾಡುತ್ತಾನೆ. ನಮ್ಮ ಕುಂದಾಪುರದ ಸಂತೆಗೆ ಬರುತ್ತಿದ್ದ ಹಾವಾಡಿಗನೂ ಬುಟ್ಟಿಯ ಮುಚ್ಚಳ ತೆಗೆದು ಊದುತ್ತಿದ್ದುದು ಅದೇ ಧಾಟಿ. ಹಾವಾಡಿಗರಿಂದ ಸಿನಿಮಾಕ್ಕೆ ಹೋದದ್ದು ಅನ್ನಿಸುತ್ತದಲ್ಲವೆ? ಹೋದದ್ದು ತಿರುಗಾಮುರುಗ.

ಏಕೆಂದರೆ ಆ ಪುಂಗಿ ಪುಂಗಿಯೇ ಅಲ್ಲ. ಅದು ಕ್ಲಾವಿಯೊಲಿನ್ ಎಂಬ ವಿದ್ಯುತ್ ವಾದ್ಯ. ಫ್ರಾನ್ಸಿನ ಕಾನ್‌ಸ್ಟಂಟ್ ಮಾರ್ಟಿನ್ 1947ರಲ್ಲಿ ರೂಪಿಸಿದ್ದು. ಮೂರು ಸಪ್ತಕದ ಪುಟ್ಟ ಮಣೆ, ಒಂದು ಸಲಕ್ಕೆ ಒಂದೇ ಸ್ವರ. ಸಿಂಥಸೈಜರಿನ ಅಜ್ಜ ಅನ್ನಬಹುದು. 'ನಾಗಿನ್'ಗಾಗಿ ಅದನ್ನು ನುಡಿಸಿದವರು ಆಗ ಹೇಮಂತ ಕುಮಾರರ ಸಹಾಯಕರಾಗಿದ್ದ ಕಲ್ಯಾಣ್‌ಜಿ, ಮುಂದೆ ಕಲ್ಯಾಣ್‌ಜಿ-ಆನಂದ್‌ಜಿ ಜೋಡಿಯಲ್ಲಿ ಹೆಸರಾದವರು. ಅವರ ತಂದೆ ಕಚ್ಛದಿಂದ ಮುಂಬಯಿಗೆ ಬಂದು ಗಿರ್ಗಾಂವ್‌ನಲ್ಲಿ ದಿನಸಿ ಅಂಗಡಿ ಇಟ್ಟವರು. ಅಂಗಡಿಯ ಬಾಕಿ ಕೊಡಲಾಗದ ಗಿರಾಕಿಯೊಬ್ಬರು ಅದರ ಬದಲಿಗೆ ಮಕ್ಕಳಿಗೆ ಸಂಗೀತ ಕಲಿಸಿಕೊಟ್ಟರಂತೆ. ಇಷ್ಟು ಲಾಭ ತಂದ ವಸೂಲಾಗದ ಸಾಲ ನನ್ನ ಸರ್ವಿಸಿನಲ್ಲಿ ಒಂದೂ ಕಾಣಸಿಗಲಿಲ್ಲ!

ಕಿವಿಗೊಟ್ಟು ಕೇಳಿ. ನಿಜವಾದ ಪುಂಗಿಗೆ ಎರಡು ಕೊಳವೆ. ಒಂದು ರಾಗಕ್ಕೆ, ಇನ್ನೊಂದು ಬಿಡದೆ ಗುಂಯ್‌ಗುಡುವ ಶ್ರುತಿಗೆ. ಕ್ಲಾವಿಯೊಲಿನ್ನಿಗೆ ಈ ಎರಡನೆಯದು ಆಗದು. ಅದು ರಾಗವನ್ನಷ್ಟೇ ಎತ್ತಿಕೊಂಡು, ಗುಂಯ್ ಅನ್ನುವುದನ್ನು ಬಿಟ್ಟು, ಸ್ವರದಿಂದ ಸ್ವರಕ್ಕೆ ಚೊಕ್ಕವಾಗಿ ಜಿಗಿಯುತ್ತದೆ. ನಕಲು ಅಸಲಿಗಿಂತ ಶುಭ್ರವಾಯಿತು. ಆಮೇಲೆ ಅಸಲಿ ಪುಂಗಿಯವರು ಈ ನಕಲನ್ನು ಕಲಿತು ಊದಿದರು. ನನ್ನ ಕಲ್ಲಿನಲ್ಲಿ ತೂಗಿದರೆ ಇದು ಪರರ ಜಾಗದಲ್ಲಿ ಕೂತ ಸ್ವರವೇ. ಆದರೆ ಸಿನಿಮಾದ ವಾದ್ಯವೃಂದದಲ್ಲಿ ಪುಂಗಿಯವನಿಗೆ ಎಂದೂ ಕುರ್ಚಿ ಇರಲಿಲ್ಲವಾದ್ದರಿಂದ ಎಬ್ಬಿಸಿದ್ದು ಯಾರನ್ನೂ ಅಲ್ಲ. ಇದೇ ಕ್ಲಾವಿಯೊಲಿನ್ 1962ರಲ್ಲಿ ಇಂಗ್ಲೆಂಡಿನ 'ಟೆಲ್‌ಸ್ಟಾರ್' ಎಂಬ ವಾದ್ಯಗೀತೆಯಲ್ಲಿ ಆಕಾಶದ ಉಪಗ್ರಹದ ದನಿಯಾಯಿತು. ಒಂದೇ ಪೆಟ್ಟಿಗೆ, ಅಲ್ಲಿ ಉಪಗ್ರಹ, ಇಲ್ಲಿ ನಾಗರಹಾವು. ಯಾವುದು ಹೆಚ್ಚು ಕಷ್ಟದ ಕೆಲಸ ಅಂತ ಕೇಳಿದರೆ ನಾನು ಹಾವು ಅನ್ನುತ್ತೇನೆ. ಉಪಗ್ರಹ ಹೇಗೆ ಕೂಗುತ್ತದೆಂದು ಯಾರಿಗೆ ಗೊತ್ತು? ಪುಂಗಿಯನ್ನು ಕೇಳಿದವರು ಊರು ತುಂಬ ಇದ್ದರು.

ಎರಡನೆಯದು ನನ್ನ ಕಾಲದ್ದು. 1980ರಲ್ಲಿ 'ಕುರ್ಬಾನಿ' ಬಂದಾಗ ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಕಾಂ. ಓದುತ್ತಿದ್ದೆ. ಅದರಲ್ಲಿ ನಾಜಿಯಾ ಹಸನ್ ಹಾಡಿದ 'ಆಪ್ ಜೈಸಾ ಕೋಯಿ' ಹಾಸ್ಟೆಲ್ ಎದುರಿನ ಹೋಟೆಲಿನ ಟೇಪ್‌ರೆಕಾರ್ಡರಿನಲ್ಲಿ ದಿನಕ್ಕೆ ಹತ್ತು ಸಲ ತಿರುಗುತ್ತಿತ್ತು. ಲಂಡನ್ನಿನಲ್ಲಿದ್ದ ಪಾಕಿಸ್ತಾನಿ ಹುಡುಗಿ, ವಯಸ್ಸು ಹದಿನೈದು. ಆ ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ-ಆನಂದ್‌ಜಿಯವರದು. ಇದೊಂದು ಮಾತ್ರ ಬಿದ್ದು ಅವರದು. ಬಿದ್ದು ಅಂದರೆ ಬಿದ್ದು ಅಪ್ಪಯ್ಯ, ಕೊಡಗಿನ ಮೂಲದವರು, ಬೆಂಗಳೂರಿನಲ್ಲಿ ಹುಟ್ಟಿ ಅಲ್ಲೇ 'ಟ್ರೋಜನ್ಸ್' ಅಂತ ತಂಡ ಕಟ್ಟಿ ಹಾಡಿ, 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಲೋಕವೆಲ್ಲ ಕುಣಿದ 'ಕುಂಗ್ ಫು ಫೈಟಿಂಗ್' ಇವರ ನಿರ್ಮಾಣ. 'ಕುರ್ಬಾನಿ'ಯ ನಿರ್ಮಾಪಕ-ನಟ ಫಿರೋಜ್ ಖಾನ್ ಕೂಡ ಹುಟ್ಟಿದ್ದು ಬೆಂಗಳೂರಲ್ಲೇ. ಹೀಗೆ ನೋಡಿದರೆ ಹಿಂದಿ ಸಿನಿಮಾದ ಡಿಸ್ಕೋ ನಮ್ಮ ಊರಿನವರದೇ ಕಿತಾಪತಿ. ಇದನ್ನು ನಮ್ಮ ಸಂಘದ ಸಭೆಗಳಲ್ಲಿ ಯಾರೂ ಹೆಮ್ಮೆಯಿಂದ ಹೇಳಿದ್ದು ಕೇಳಿಲ್ಲ.

ಹಾಡಾಗಿ ತೂಗಿದರೆ ಅದರಲ್ಲಿ ಸಾಹಿತ್ಯ ಹೆಚ್ಚೇನಿಲ್ಲ. ದನಿ ಪಳಗಿದ್ದಲ್ಲ, ಮೂಗಿನಲ್ಲಿ ಸ್ವಲ್ಪ ನಿಲ್ಲುತ್ತದೆ. ಆದರೂ ಯಾಕೆ ಹಿಡಿಯಿತು? ನನ್ನ ಉತ್ತರ: ಅದರಲ್ಲಿರುವ ಖಾಲಿ ಜಾಗ. ಅಲ್ಲಿಯವರೆಗೆ ಹಿಂದಿ ಹಾಡೆಂದರೆ ಸಂತರ್ಪಣೆಯ ಪಂಕ್ತಿ. ಒಂದು ಸಾಲು ಮುಗಿಯುವಷ್ಟರಲ್ಲಿ ಐವತ್ತು ಪಿಟೀಲು ಬಡಿಸಲು ಓಡಿ ಬರುತ್ತಿದ್ದವು. ಬಿದ್ದು ತಾಳವನ್ನೂ ಅದರ ಕೆಳಗಿನ ಬೇಸನ್ನೂ ಮುಂದಿಟ್ಟು, ಹುಡುಗಿಯ ದನಿಯನ್ನೇ ಎರಡು ಸಲ ಮುದ್ರಿಸಿ ಒಂದರ ಮೇಲೊಂದು ಕೂರಿಸಿ, ಉಳಿದ ಜಾಗವನ್ನು ಹಾಗೇ ಬಿಟ್ಟರು. ಆ ಬಿಟ್ಟ ಜಾಗದಲ್ಲಿ ಯಂತ್ರದ ಸ್ವರ ಎದ್ದು ಕೇಳುತ್ತದೆ. ಅದಕ್ಕೆ ಪಿಟೀಲಾಗುವ, ಕೊಳಲಾಗುವ ಹಂಬಲವಿಲ್ಲ. ಮರುವರ್ಷ, 1981ರಲ್ಲಿ, ಶಂಕರ್ ನಾಗ್ ಅವರ 'ಗೀತಾ' ಬಂತು. ಇಳಯರಾಜಾ ಅವರ ಸಂಗೀತ, ಎಸ್.ಪಿ.ಬಿ. ದನಿಯಲ್ಲಿ ಆ ಕುಣಿತದ ಹಾಡು. ಕನ್ನಡಕ್ಕೂ ಈ ಮೈ ಬರುತ್ತದೆ ಅಂತ ಗೊತ್ತಾದದ್ದು ಆಗ.

1982ರಲ್ಲಿ ಬ್ಯಾಂಕಿನ ಗುಮಾಸ್ತೆ ಕೆಲಸದ ಆದೇಶ ಹಿಡಿದುಕೊಂಡು ಬೊಂಬಾಯಿಗೆ ಬಂದೆ. (ಊರಿನವರಿಗೆ ಅದು ಇವತ್ತಿಗೂ ಬೊಂಬಾಯಿಯೇ.) ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರ ನಡೆದೇ ಇತ್ತು. ಲಾಲ್‌ಬಾಗ್, ಪರೇಲಿನ ಚಿಮಣಿಗಳಲ್ಲಿ ಹೊಗೆ ಇರಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಕೂತಿದ್ದ ನಗರದಲ್ಲಿ ಕಿಸೆಯಲ್ಲಿ ಕೆಲಸದ ಆದೇಶ ಇಟ್ಟುಕೊಂಡು ತಿರುಗುವುದಕ್ಕೇ ಒಂದು ಥರ ಸಂಕೋಚ.

ನಮ್ಮ ಶಾಖೆ ಕೋಟೆ ಭಾಗದಲ್ಲಿ. ಸಂಜೆ ಆರಕ್ಕೆ ಬಿಟ್ಟರೆ ಕಾಲಾ ಘೋಡಾದ ರಿದಂ ಹೌಸಿನತ್ತ ಕಾಲು ತಾನೇ ಎಳೆಯುತ್ತಿತ್ತು. ಅಲ್ಲಿ ಗೂಡಿನಂಥ ಕೋಣೆಯಲ್ಲಿ ನಿಂತು ರೆಕಾರ್ಡು ಕೇಳಿ ನೋಡಬಹುದಿತ್ತು. ಕೊಳ್ಳದೆ ಎಷ್ಟು ಸಲ ಕೇಳಬಹುದು ಎಂಬುದು ಮಾತ್ರ ಅವರವರ ಮುಖದ ದಪ್ಪಕ್ಕೆ ಬಿಟ್ಟದ್ದು. (2016ರಲ್ಲಿ ಅಂಗಡಿ ಮುಚ್ಚಿತು.) ಅಲ್ಲಿಂದ ಧೋಬಿ ತಲಾವ್. ಫುರ್ಟಾಡೊ ಅಂಗಡಿಯ ಗಾಜಿನೊಳಗೆ ಪಿಯಾನೋ, ಪಿಟೀಲು. ಅದೇ ಆಸುಪಾಸಿನಲ್ಲಿ ಗೋವಾದವರ 'ಕೂಡ್'ಗಳು. ಕೂಡ್ ಅಂದರೆ ಒಂದೊಂದು ಹಳ್ಳಿಯವರು ತಮ್ಮ ಹುಡುಗರಿಗಾಗಿ ಮುಂಬಯಿಯಲ್ಲಿ ಮಾಡಿಟ್ಟುಕೊಂಡ ವಸತಿ. ಗೋಡೆಗೆ ಸಾಲಾಗಿ ಟ್ರಂಕು, ರಾತ್ರಿ ಚಾಪೆ. ನಮ್ಮ ಕಡೆಯ ಹುಡುಗರು ಉಡುಪಿ ಹೋಟೆಲಿನ ಅಟ್ಟದಲ್ಲಿ ಮಲಗಿ ರಾತ್ರಿ ಶಾಲೆಗೆ ಹೋದರು. ಅವರ ಕಡೆಯವರು ಕೂಡಿನಲ್ಲಿ ಮಲಗಿ ಸ್ಟುಡಿಯೋಕ್ಕೆ ಹೋದರು. ತಾರ್ದೇವ್‌ನ ಫಿಲ್ಮ್ ಸೆಂಟರ್, ಬಾಂದ್ರಾದ ಮೆಹಬೂಬ್ ಸ್ಟುಡಿಯೋಗಳಲ್ಲಿ ಲತಾ, ರಫಿ ಹಿಂದೆ ಕೇಳುವ ಪಿಟೀಲಿನ ಅಲೆಗಳಲ್ಲಿ ಬಹುಪಾಲು ಈ ಗೋವಾದವರ ಬಿಲ್ಲಿನಿಂದ ಬಂದವು.

ಸಿಂಥಸೈಜರ್ ಬಂದದ್ದು ಈ ಕುರ್ಚಿಗಳ ನಡುವೆ. ಪಾರ್ಸಿ ವಾದ್ಯಗಾರರ ಮನೆತನದ ಕೆರ್ಸಿ ಲಾರ್ಡ್ 1970ರ ದಶಕದಲ್ಲಿ ಮಿನಿಮೂಗ್ ತರಿಸಿದರು. ತಂದೆ ಕಾವಸ್ ಲಾರ್ಡ್ ತಾಳವಾದ್ಯದವರು. ಕೆರ್ಸಿ ಅಕಾರ್ಡಿಯನ್ ನುಡಿಸಿದ ಕೈ. 1969ರ 'ಆರಾಧನಾ'ದಲ್ಲಿ 'ರೂಪ್ ತೇರಾ ಮಸ್ತಾನಾ' ಕೇಳಿದವರಿಗೆ ಆ ಕೈ ಗೊತ್ತು. ಅಂಥವರ ಕೈಯಲ್ಲಿದ್ದಷ್ಟು ದಿನ ಯಂತ್ರ ಹೊಸ ನೆಂಟನ ಹಾಗೆ ಅಡ್ಡಿಯಿಲ್ಲದೆ ಇತ್ತು. ತನಗೆ ಬರುವ ಎರಡು ಮಾತಾಡಿ ಸುಮ್ಮನಾಗುತ್ತಿತ್ತು. ತೊಂದರೆ ಶುರುವಾದದ್ದು ಪಿಟೀಲಿನ ಗುಂಪಿನ ಹಾಗೆ, ತುತ್ತೂರಿಯ ಹಾಗೆ ಕೂಗುವುದನ್ನು ಅದಕ್ಕೆ ಕಲಿಸಿದ ಮೇಲೆ. 1990ರ ದಶಕ ಮುಗಿಯುವಷ್ಟರಲ್ಲಿ ನೂರು ಜನ ಒಟ್ಟಿಗೆ ಕೂತು ನುಡಿಸುವ ಪದ್ಧತಿ ಮುಂಬಯಿಯಲ್ಲಿ ಹೆಚ್ಚುಕಡಿಮೆ ನಿಂತೇ ಹೋಯಿತು. ಗ್ರೆಗರಿ ಬೂತ್ ಎಂಬ ವಿದ್ವಾಂಸರು ಈ ವಾದ್ಯದವರನ್ನೆಲ್ಲ ಮಾತಾಡಿಸಿ 2008ರಲ್ಲಿ 'ಬಿಹೈಂಡ್ ದಿ ಕರ್ಟನ್' ಎಂಬ ಪುಸ್ತಕ ತಂದಿದ್ದಾರೆ. ಓದಿದರೆ ಹಳೆಯ ಹಾಡು ಬೇರೆಯೇ ಕೇಳಿಸುತ್ತದೆ.

ನಾನು ಇದನ್ನು ಪುಸ್ತಕಕ್ಕಿಂತ ಮೊದಲು ಪಾಸ್‌ಬುಕ್ಕಿನಲ್ಲಿ ಓದಿದೆ. ಶಾಖೆಯಲ್ಲಿ ಒಬ್ಬ ಹಿರಿಯ ಪಿಟೀಲುಗಾರರ ಉಳಿತಾಯ ಖಾತೆ ಇತ್ತು. ಗಿರಾಕಿಯ ಹೆಸರು ಹೇಳುವ ಅಭ್ಯಾಸ ನನಗೆ ಈಗಲೂ ಇಲ್ಲ. ನನ್ನ ಅರೆಬರೆ ಕುಂದಾಪುರ ಕೊಂಕಣಿ, ಅವರ ಗೋವಾ ಕೊಂಕಣಿ. ಕೌಂಟರಿನಲ್ಲಿ ಇಬ್ಬರಿಗೂ ಅಷ್ಟರಿಂದಲೇ ಖುಷಿ. ಮೊದಮೊದಲು ತಿಂಗಳಿಗೆ ಹತ್ತು ಹನ್ನೆರಡು ಚೆಕ್ಕು, ಒಂದೊಂದು ಪಾಳಿಗೆ ಒಂದೊಂದು. ಆಮೇಲೆ ಐದು. ಆಮೇಲೆ ಎರಡು. ಕೊನೆಕೊನೆಗೆ ಜಮಾ ಕಾಲಂನಲ್ಲಿ ಬಡ್ಡಿ ಒಂದೇ. 'ಆ ಪೆಟ್ಟಿಗೆ ನುಡಿಸುವ ಹುಡುಗ ನನ್ನ ಶಿಷ್ಯನೇ. ಚೆನ್ನಾಗಿ ನುಡಿಸ್ತಾನೆ. ಆದ್ರೆ ಅವನೊಬ್ಬನೇ, ನಾವು ನಲವತ್ತು ಜನ' ಅಂದಿದ್ದರು ಒಮ್ಮೆ. ಸಿಟ್ಟಿನಿಂದ ಅಲ್ಲ, ಲೆಕ್ಕ ಹೇಳುವ ಹಾಗೆ.

ಅದೇ ಹೊತ್ತಿಗೆ ಕೌಂಟರಿನ ಈಚೆಗೂ ಪೆಟ್ಟಿಗೆ ಬಂದಿತ್ತು. 1983ರಲ್ಲಿ ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ಯಂತ್ರಗಳ ಬಗ್ಗೆ ಒಪ್ಪಂದವಾಯಿತು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ. ಹಿಂದೆಯೇ ಲೆಡ್ಜರ್ ಬರೆಯುವ ಎ.ಎಲ್.ಪಿ.ಎಂ. ಯಂತ್ರಗಳು. ನಾವೂ ಗೇಟಿನಲ್ಲಿ ನಿಂತು ಕೂಗಿದವರೇ. ಆದರೆ ನಮ್ಮದು ಕಾಯಂ ನೌಕರಿ, ಸಹಿಯಾದ ಒಪ್ಪಂದ. ಯಂತ್ರ ಬಂದರೂ ಯಾರೂ ಮನೆಗೆ ಹೋಗಲಿಲ್ಲ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಒಂದು ಲಕ್ಷದಷ್ಟು ಜನ ಸ್ವಯಂನಿವೃತ್ತಿ ಪಡೆದು ಹೋದಾಗಲೂ ಕೈಯಲ್ಲಿ ಗಂಟು ಹಿಡಿದು ಹೋದರು. ಪಿಟೀಲಿನವರಿಗೆ ಇದ್ದದ್ದು ಪಾಳಿಯ ಲೆಕ್ಕ. ಪಾಳಿ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ಸಿಂಥಸೈಜರನ್ನು ಬೈಯುವವರ ಎದುರು ನಾನು ಸಂಗೀತದ ವಾದ ಹೂಡುವುದಿಲ್ಲ. ಆ ಪಾಸ್‌ಬುಕ್ಕನ್ನು ನೋಡಿದವನು ನಾನು. ನನ್ನ ವಾದ ಬೇರೆ ಕಡೆಯಿಂದ: ಅನ್ಯರ ದನಿ ಕದಿಯದೆಯೂ ಆ ಯಂತ್ರಕ್ಕೆ ಹಾಡಲು ಬರುತ್ತಿತ್ತು. ಬಂದದ್ದಕ್ಕೆ ಸಾಕ್ಷಿ ಇದೆ.

1987ರ ಕೊನೆಗೆ ಊರಿಂದ ಬಂದ ಭಾವ ಹಲಸಿನ ಹಪ್ಪಳದ ಕಟ್ಟಿನ ಜೊತೆ ಒಂದು ಕ್ಯಾಸೆಟ್ ತಂದರು. 'ಪ್ರೇಮಲೋಕ'. ಸಂಗೀತ, ಸಾಹಿತ್ಯ ಹಂಸಲೇಖ. ಪರಊರಿನಲ್ಲಿರುವವನಿಗೆ ಊರು ತಾನು ಬಿಟ್ಟು ಬಂದ ದಿನದಲ್ಲೇ ನಿಂತಿರಬೇಕು ಎಂಬ ಹಟ ಇರುತ್ತದೆ. ನಮ್ಮ ಡೊಂಬಿವಲಿಯ ಕೋಣೆಯಲ್ಲಿ ಭಾವಗೀತೆ, ಯಕ್ಷಗಾನದ ತಾಳಮದ್ದಳೆ ಕ್ಯಾಸೆಟ್ಟುಗಳೇ ಊರು. ಅಲ್ಲಿಗೆ ಈ ಬೈಕು, ಕಾಲೇಜು, ಕೀಬೋರ್ಡು ಬಂದು ಕೂತಾಗ ಕೋಣೆ ಎರಡು ಪಕ್ಷವಾಯಿತು. ಸಂಘದ ಹಿರಿಯರೊಬ್ಬರು ಕೇಳಿ, 'ಇದರಲ್ಲಿ ಕನ್ನಡ ಎಲ್ಲುಂಟು ಮಾರಾಯ? ಎಲ್ಲ ಟಿಂಗ್ ಟಿಂಗ್' ಅಂದರು. ಕನ್ನಡ ಇದ್ದದ್ದು ಆ ಟಿಂಗ್ ಟಿಂಗ್‌ನಲ್ಲೇ ಎಂಬುದು ನನ್ನ ವಾದ. ಹಂಸಲೇಖ ಹಾಡಿನೊಳಗೆ ಮಾತನ್ನು ತಂದರು. ಹುಡುಗ ಹುಡುಗಿ ಜಗಳ ಕಾಯುವುದು, ಛೇಡಿಸುವುದು, ಎದುರುತ್ತರ ಕೊಡುವುದು ಎಲ್ಲ ರಾಗದಲ್ಲೇ. ನಮ್ಮ ಆಡುಮಾತು ಎಳೆದಾಡುವುದು ಕಡಿಮೆ, ಕುಟ್ಟಿ ಕುಟ್ಟಿ ನಡೆಯುತ್ತದೆ. ಬಿಲ್ಲೆಳೆದು ಬಾಗುವ ಪಿಟೀಲಿಗೆ ಅದನ್ನು ಹಿಂಬಾಲಿಸುವುದು ಕಷ್ಟ. ಒತ್ತಿದರೆ ಹುಟ್ಟಿ ಬಿಟ್ಟರೆ ಸಾಯುವ ಕೀಬೋರ್ಡಿನ ಗಿಡ್ಡ ಸ್ವರಕ್ಕೆ ಅದು ಸಲೀಸು. ಆ ಕ್ಯಾಸೆಟ್ಟಿನ ಎಲ್ಲ ಹಾಡೂ ಮೇಲ್ಮಟ್ಟದ್ದಲ್ಲ. ಕೆಲವು ಈಗ ಕೇಳಿದರೆ ಬಣ್ಣ ಹೋದ ಬನಿಯನ್ನಿನಂತಿವೆ. ಆದರೆ ಹರಟುವ ಹಾಡುಗಳು ಇನ್ನೂ ಹರಟುತ್ತಿವೆ.

ಹಿಂದಿಯಲ್ಲಿ ಆ ಕೆಲಸವನ್ನು ಮುಂದುವರಿಸಿದವರು ವಿಜು ಶಾ. 1997ರ 'ಗುಪ್ತ್' ಅವರದು. ಶೀರ್ಷಿಕೆ ಗೀತೆ ಕೇಳಿ. ಅಲ್ಲಿ ಯಂತ್ರ ನಾಚಿಕೆ ಬಿಟ್ಟು ಯಂತ್ರವಾಗಿದೆ. ವಿಜು ಶಾ ಯಾರೆಂದರೆ ನಲವತ್ತಮೂರು ವರ್ಷ ಮೊದಲು ಕ್ಲಾವಿಯೊಲಿನ್ನಿನಲ್ಲಿ ಹಾವಾಡಿಸಿದ ಕಲ್ಯಾಣ್‌ಜಿಯವರ ಮಗ.

ಇನ್ನು ಚರಣ್‌ಜಿತ್ ಸಿಂಗ್. ನಾನು ಮುಂಬಯಿಗೆ ಬಂದ 1982ರಲ್ಲೇ, ಇದೇ ನಗರದಲ್ಲಿ, ಈ ಸರದಾರ್ಜಿ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಎಂಬ ರೆಕಾರ್ಡು ಮಾಡಿದರು. ಗ್ರಾಮಫೋನ್ ಕಂಪನಿ ಅದನ್ನು ಹೊರತಂದಿತು. ಮಾರಾಟವಾಗಲಿಲ್ಲ. ರಿದಂ ಹೌಸಿನ ಗೂಡಿನಲ್ಲಿ ಅದು ನನ್ನ ಕಿವಿಗೆ ಬೀಳಲೂ ಇಲ್ಲ. 2010ರಲ್ಲಿ ಹಾಲೆಂಡಿನವರು ಹುಡುಕಿ ತೆಗೆದು ಮರುಮುದ್ರಿಸಿದ ಮೇಲೆ ಜಗತ್ತೆಲ್ಲ ಕೇಳಿತು, ನಾನೂ ಕೇಳಿದೆ. ಶಿಕಾಗೋದಲ್ಲಿ 1987ರಲ್ಲಿ ಹುಟ್ಟಿದ 'ಆಸಿಡ್ ಹೌಸ್' ಎಂಬ ಕುಣಿತದ ಸಂಗೀತವನ್ನು ಇವರು ಐದು ವರ್ಷ ಮೊದಲೇ ಕಂಡುಹಿಡಿದರು ಅಂತ ಪತ್ರಿಕೆಗಳು ಬರೆದವು. ಈ ಹೊಗಳಿಕೆ ನನಗೆ ಹಿಡಿಸಲಿಲ್ಲ. ಶಿಕಾಗೋದ ಕ್ಯೂನಲ್ಲಿ ಮೊದಲ ಜಾಗ ಕೊಟ್ಟು ಮುಂಬಯಿಯ ಜಾಗ ಕಿತ್ತುಕೊಂಡ ಹಾಗೆ. ಎರಡೂ ಕಡೆಯವರ ಬಳಿ ಇದ್ದದ್ದು ಒಂದೇ ಯಂತ್ರ ಎಂಬುದಷ್ಟೇ ಸತ್ಯ. ಅಚ್ಚರಿ ಇರುವುದು ಬೇರೆಲ್ಲೋ.

ಆ ಯಂತ್ರ ರೋಲಂಡ್ ಕಂಪನಿಯ ಟಿ.ಬಿ. 303. ಜಪಾನಿನವರು ಅದನ್ನು ಮಾಡಿದ್ದು ಬೇಸ್ ಗಿಟಾರಿನವನ ಬದಲಿಗೆ. ಒಬ್ಬಂಟಿ ಗಿಟಾರುಗಾರ ಅಭ್ಯಾಸ ಮಾಡುವಾಗ ಹಿಂದಿನಿಂದ ಬೇಸ್ ಕೊಡಲಿ ಅಂತ. ಬೇಸ್ ಗಿಟಾರಿನಂತೆ ಅದು ಕೇಳಿಸಲೇ ಇಲ್ಲ. 1984ರ ಹೊತ್ತಿಗೆ ತಯಾರಿಕೆ ನಿಲ್ಲಿಸಿದರು. ಈಗ ನೋಡಿ: ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾದ ಧ್ವನಿಮುದ್ರಣಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರು! ಮದುವೆ ಸಮಾರಂಭಗಳಲ್ಲಿ ತಮ್ಮದೇ ಆರ್ಕೆಸ್ಟ್ರಾ ನಡೆಸುತ್ತಿದ್ದವರು. ತನ್ನನ್ನೇ ಎಬ್ಬಿಸಲು ಮಾಡಿದ ಪೆಟ್ಟಿಗೆಯನ್ನು ಸಿಂಗಾಪುರದಲ್ಲಿ ತಾನೇ ದುಡ್ಡು ಕೊಟ್ಟು ಕೊಂಡು ತಂದರು. ತಂದು ಅದರಿಂದ ಬೇಸ್ ಗಿಟಾರಿನ ಕೆಲಸ ಮಾಡಿಸಲಿಲ್ಲ. ರಾಗ ನುಡಿಸಿದರು.

303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯವಿದೆ. ಅದನ್ನು ಅವರು ಮೀಂಡಿನ ಹಾಗೆ ಬಳಸುತ್ತಾರೆ. ಆದರೆ ಸಿತಾರಿನ ಮೀಂಡಿನಂತೆ ನಟಿಸುವುದಿಲ್ಲ. ಅದು ಒದ್ದೆ ರಬ್ಬರು ಎಳೆದ ಹಾಗಿದೆ. ಭೂಪಾಲಿ (ನಮ್ಮ ಮೋಹನ), ಕಲಾವತಿ (ನಮ್ಮ ವಲಚಿ), ಮಾಲಕೌಂಸ್ (ಹಿಂದೋಳ) ಇಂಥ ಐದೇ ಸ್ವರದ ರಾಗಗಳಲ್ಲಿ ಇದು ಸೊಗಸಾಗಿ ಕೂಡುತ್ತದೆ. ಸ್ವರ ಕಡಿಮೆ, ಓಡಲು ಅಂಗಳ ಜಾಸ್ತಿ. ಪಂಚಮವಿಲ್ಲದ, ಎರಡೂ ಮಧ್ಯಮ ಅಕ್ಕಪಕ್ಕ ಬರುವ ಲಲಿತ್‌ನಲ್ಲಿ ಯಂತ್ರಕ್ಕೆ ಸ್ವಲ್ಪ ಇರುಸುಮುರುಸು. ತೋಡಿಯಲ್ಲಿ ಇನ್ನೂ ಹೆಚ್ಚು. ಆ ಗಾಂಧಾರವನ್ನು ಮನುಷ್ಯರು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ಅದಕ್ಕೆ ಮನೆಯಿಲ್ಲ. ಹತ್ತೂ ರಾಗಕ್ಕೆ ಒಂದೇ ಬಗೆಯ ತಾಳ, ಒಂದೇ ಓಟ, ಒಂದೊಂದು ಸುಮಾರು ಐದು ನಿಮಿಷ. ಬೆಳಗಿನ ರಾಗ, ರಾತ್ರಿಯ ರಾಗ ಎಂಬ ಭೇದವಿಲ್ಲ. ಇದು ಕೊರತೆಯೇ. ಒಂದೇ ಉಸಿರಿಗೆ ಕೇಳಿದರೆ ನಾಲ್ಕನೆಯ ರಾಗಕ್ಕೆ ತಲೆ ಹಿಡಿಯುತ್ತದೆ. ದಿನಕ್ಕೊಂದರಂತೆ ಕೇಳಬೇಕು.

1982ರಲ್ಲಿ ಯಾಕೆ ಸೋತಿತು ಅಂದರೆ ಕಾಲಕ್ಕಿಂತ ಮುಂದಿತ್ತು ಅನ್ನುವುದು ಸುಲಭದ ಉತ್ತರ. ನನಗನ್ನಿಸುವುದು, ಅದರಲ್ಲಿ ಕಂಠವಿಲ್ಲ, ಮಾತಿಲ್ಲ, ಗುನುಗಲು ಒಂದು ಸಾಲೂ ಇಲ್ಲ. ಡಿಸ್ಕೋದವರಿಗೆ ಅದು ಶಾಸ್ತ್ರೀಯ, ಶಾಸ್ತ್ರೀಯದವರಿಗೆ ಡಿಸ್ಕೋ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತು. ಅಲ್ಲಿ ಗೀತಾ ಸಾರಾಭಾಯಿ ಮೊದಲಾದವರು ಮಾಡಿದ ಪ್ರಯೋಗಗಳು ಹೊರಗಿನವರ ಕಿವಿಗೆ ಬಿದ್ದದ್ದು 2023ರಲ್ಲಿ. ಅವು ಪ್ರಯೋಗಶಾಲೆಯವು. ಚರಣ್‌ಜಿತ್ ಅವರದು ಹಾಗಲ್ಲ. ಹಗಲು ಸ್ಟುಡಿಯೋ, ರಾತ್ರಿ ಮದುವೆ ಅಂತ ದುಡಿದ ಕೂಲಿಯಾಳಿನ ಕೈ ಅದು, ಗುರಿ ಮಾರುಕಟ್ಟೆಯೇ. ಮರುಮುದ್ರಣದ ನಂತರ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪಿಗೆ ಹೋಗಿ ಹುಡುಗರೆದುರು ನುಡಿಸಿ ಬಂದರು. 2015ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು.

ಮೊನ್ನೆ ಹಾಲ್‌ನಲ್ಲಿ ಕೂತು ಕೊನೆಯ ಬೈರಾಗಿ ಕೇಳುತ್ತಿದ್ದೆ. ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಸಂಗೀತ ಕಲಿತ ನನ್ನ ಹೆಂಡತಿ ಅಡುಗೆಮನೆಯಿಂದ, 'ರೀ, ಇದು ರೇವತಿ ಅಲ್ವಾ?' ಅಂದಳು. ಹೌದು ಅಂದೆ, ನಮ್ಮ ರೇವತಿ, ಅವರ ಬೈರಾಗಿ. ಸ್ವಲ್ಪ ಹೊತ್ತು ಒಗ್ಗರಣೆ ಸೌಟು ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತು ಕೇಳಿದಳು.

'ವಾದ್ಯ ಯಾವುದು ಅಂತ ಗೊತ್ತಾಗ್ಲಿಲ್ಲ.'